ಕಾರಿನ ನಡುಕ

ನಿಂತಿದ್ದ ಕಾರಿಗೆ ಲಾರಿ ಗುದ್ದಿದ್ದರಲ್ಲಿ ಪದ್ಮಾವತಮ್ಮನ ತಪ್ಪೇನೂ ಇರಲಿಲ್ಲ. ಆದರೆ ಹೆದರಿದ ಕಾರಿಗೆ ವಿಮೆಯ ಕಂತು ದುಪ್ಪಟ್ಟು. ಅಷ್ಟು ಕಟ್ಟಲಾಗದಿದ್ದರೆ ಹದಿನಾರು ವರ್ಷ ಜೊತೆಗಿದ್ದ ಕಾರನ್ನು ಮಾರಬೇಕು. ಅದಕ್ಕೇ ಬೆಳಿಗ್ಗೆ ನಿಂಬೆಹಣ್ಣಿನಿಂದ ದೃಷ್ಟಿ ತೆಗೆದು, "ಸರ್ವೆಯರ್ ಬಂದಾಗ ನಡುಗಬೇಡ ಕಣೋ" ಎಂದು ಅದರ ಬೆನ್ನು ಸವರಿದ್ದರು.

ವಿಮಾ ಕಂಪನಿಯ ಸರ್ವೆಯರ್ ರುದ್ರೇಶ ಬಂದು, ಹೆದರಿಕೆ ಇದೆಯೇ ಎಂದು ನೋಡಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಆಗಲೇ ಬೀದಿಯಲ್ಲೊಂದು ಲಾರಿ ಹಾರ್ನ್ ಹೊಡೆಯಿತು. ಕಾರು ಗಡಗಡ ನಡುಗಿತು. ಪದ್ಮಾವತಮ್ಮ ಓಡಿಬಂದು ತಮ್ಮ ಕೈಯನ್ನೂ ಇಟ್ಟಾಗ ಮೆಲ್ಲನೆ ಸುಮ್ಮನಾಯಿತು.

ರುದ್ರೇಶ ಆ ಕೈಯನ್ನೇ ನೋಡುತ್ತ ನಿಂತ.

"ನಡುಗಿದ್ದು ನಿಮ್ಮ ಕೈ ಅಲ್ವೇನಮ್ಮಾ?"

ಐವತ್ತು ವರ್ಷ ರಂಗೋಲಿ ಎಳೆದರೂ ಒಮ್ಮೆಯೂ ಅದುರದ ಕೈ ಅದು.

"ಹೌದಪ್ಪಾ, ವಯಸ್ಸಾಯ್ತು ನೋಡು" ಎಂದರು ಪದ್ಮಾವತಮ್ಮ.

'ಕಾರಿಗೆ ಹೆದರಿಕೆಯಿಲ್ಲ' ಎಂದು ಬರೆದುಕೊಂಡ ರುದ್ರೇಶ, ಹೋಗುವಾಗ ತನ್ನ ಬೈಕನ್ನು ಸ್ಟಾರ್ಟ್ ಮಾಡದೆ ಗೇಟಿನಾಚೆಯವರೆಗೂ ತಳ್ಳಿಕೊಂಡೇ ಹೋದ.