ಕಾಣದ ಬಟನ್

ಆ ಕಂಪನಿಯಲ್ಲಿ ರಾಜೀನಾಮೆ ಕೊಡಲು ವೆಬ್ ಪುಟದ ಬಟನ್ನನ್ನೇ ಒತ್ತಬೇಕು, ಕಾಗದ ನಡೆಯದು. ಆ ಪುಟದಲ್ಲಿದ್ದ ಹಳೇ ದೀಪಾವಳಿ ಶುಭಾಶಯ ಮರೆಮಾಡಲು ಅಲ್ಲಿನ ವೆಬ್ ಡೆವಲಪರ್ ಮಂದಾಕಿನಿ ಬರೆದಿದ್ದ ಸಿಎಸ್‌ಎಸ್ ಸೆಲೆಕ್ಟರನ್ನು, ಅಂದರೆ ಪುಟದಲ್ಲಿ ಯಾವುದನ್ನು ಮರೆಮಾಡಬೇಕೆಂದು ಗುರುತಿಸುವ ಕೋಡ್ ಸಾಲನ್ನು, ಆಫೀಸಿನ ಬ್ರೌಸರ್ ತಪ್ಪಾಗಿ ಓದಿ, ಆ ಬಟನ್ನನ್ನೂ ಮರೆಮಾಡಿಬಿಟ್ಟಿತ್ತು.

"ನನ್ನನ್ನ ಬಿಟ್ಬಿಡಿ ಸರ್," ಎಂದು ಈಗ ಕೆಲಸ ಬಿಡಲು ಹೊರಟಿದ್ದ ಅವಳು ಅಂಗಲಾಚಿದಳು.

"ಬಿಡೋಕೆ ನಾನ್ಯಾರಮ್ಮ? ಬ್ರೌಸರ್ ಬಿಡ್ಬೇಕು! ಸರಿಮಾಡು, ಒತ್ತು, ಹೋಗು," ಎಂದರು ಮ್ಯಾನೇಜರ್ ತಿರುಮಲಯ್ಯ.

ಮೂರು ವಾರ ಹೆಣಗಿದ ಮೇಲೆ ಬಟನ್ ಕೆಂಪಗೆ ಕಣ್ಣುಬಿಟ್ಟಿತು.

"ಬಂತು ಸರ್!"

"ನಿಜವಾಗ್ಲೂ ಕೆಲಸ ಮಾಡುತ್ತಾ?" ಎಂದ ತಿರುಮಲಯ್ಯನವರು ತಮ್ಮ ಕಂಪ್ಯೂಟರಿನಲ್ಲಿ ಒತ್ತಿಯೇಬಿಟ್ಟರು. "ಅಬ್ಬಾ! ಎರಡು ವರ್ಷದಿಂದ ಕಾಯ್ತಿದ್ದೆ ಕಣಮ್ಮ," ಎನ್ನುತ್ತಾ ಊಟದ ಡಬ್ಬಿ ಎತ್ತಿಕೊಂಡು ಹೊರಟೇಹೋದರು.

ಮಂದಾಕಿನಿಯೂ ಒತ್ತಿದಳು. ಪರದೆಯ ಮೇಲೆ ಅಕ್ಷರ ಮೂಡಿತು: 'ನಿಮ್ಮ ಮ್ಯಾನೇಜರ್ ಒಪ್ಪುವವರೆಗೆ ಕಾಯಿರಿ.'