ಬಸವಂತರಾಯ ಮುಚ್ಚಿಸಿದ ಕಿಟಕಿ

ತಾನು ಬರುವತನಕ ಒಳಕೋಣೆಯ ಕಿಟಕಿ ತೆಗೆಯಬಾರದೆಂದು ಬಸವಂತರಾಯ ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದ. ರಜಾಕಾರರ ಗಲಾಟೆಯ ವರ್ಷ ಅದು. ಓಣಿಯಿಂದ ಯಾರೂ ಹತ್ತಿ ಬಾರದಿರಲೆಂದು ಗೌಂಡಿ ಖಂಡಪ್ಪನಿಂದ ಕಿಟಕಿಗೆ ಶಹಾಬಾದ ಕಲ್ಲು ಕಟ್ಟಿಸಿ, ಸೊಲ್ಲಾಪುರದ ಕಡೆ ಹೋದವನು ತಿರುಗಿ ಬರಲಿಲ್ಲ. ಸತ್ತನೆಂದೂ ಯಾರೂ ಹೇಳಲಿಲ್ಲ. ಗುರುಲಿಂಗಮ್ಮ ಆ ಮಾತು ಹಿಡಿದುಕೊಂಡೇ ಐದು ಮಳೆಗಾಲ ಕಳೆದಳು.

ಆರನೆಯ ಮಳೆಗಾಲಕ್ಕೆ ಗೋಡೆ ಆಳೆತ್ತರ ಕಪ್ಪಿಟ್ಟಿತು. ಕೌದಿಗೆ ಬೂಷ್ಟು, ಪೆಟ್ಟಿಗೆಯೊಳಗಿನ ಅವನ ರುಮಾಲಿಗೂ ಬೂಷ್ಟು. ಅಪ್ಪನ ಮುಖ ಕಾಣದ ಮಗಳು ಸುಂದರಬಾಯಿ ಅಲ್ಲೇ ಮಲಗಿ, ಕೆಮ್ಮಿ ಕೆಮ್ಮಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಚಿತ್ತಾಪುರದ ಡಾಕ್ಟರರು ಔಷಧಿ ಕೊಟ್ಟು, ಆ ಕೋಣೆಯಲ್ಲಿ ಮಲಗಿಸಬೇಡ ಎಂದಿದ್ದರು. ಮಲಗಲು ಮನೆಯಲ್ಲಿದ್ದದ್ದು ಅದೊಂದೇ ಕೋಣೆ.

ಸುಣ್ಣ ಹೊಡೆಸಲು ಖಂಡಪ್ಪನನ್ನೇ ಕರೆಸಿದಳು. ಉಗಾದಿಗೂ ಹೊಡೆಸಿದ್ದಳು, ಶ್ರಾವಣ ಬರುವಷ್ಟರಲ್ಲಿ ಕಪ್ಪು ಮತ್ತೆ ಮೇಲೆದ್ದಿತ್ತು. ಖಂಡಪ್ಪ ಸುಣ್ಣದ ಬಕೀಟು ಮುಟ್ಟಲಿಲ್ಲ. ಒಂದು ಹಿಡಿ ಹರಳುಪ್ಪು ಕೇಳಿ ಗೋಡೆಯ ಮಾಡದಲ್ಲಿಟ್ಟು, ಮಾಳಿಗೆ ಹತ್ತಿ ನೋಡಿ ಬಂದ. ಎಲ್ಲೂ ಸೋರುತ್ತಿರಲಿಲ್ಲ. ಮಧ್ಯಾಹ್ನಕ್ಕೆ ಮಾಡದ ಉಪ್ಪು ನೀರೊಡೆದಿತ್ತು.

“ಇದು ಮ್ಯಾಲಿಂದ ಬಂದ ನೀರಲ್ಲ, ಯವ್ವಾ. ಒಳಗಿನ ಹಸಿ ಹೊರಗ ಹೋಗಲಿಕ್ಕಿ ದಾರಿನೇ ಇಲ್ಲ. ಸುಣ್ಣ ಹೊಡದ್ರ, ತೊಯ್ದ ಮೈಗಿ ಹೊಸ ಅಂಗಿ ತೊಡಿಸಿದಂಗ. ಖಿಡಕಿ ತೆಗೀಬೇಕು.”

“ಅದೊಂದು ಬಿಟ್ಟು ಬ್ಯಾರೆ ಹೇಳ್ರಿ, ಕಾಕಾ.”

“ಬ್ಯಾರೆ ಇಲ್ಲ. ಮುಚ್ಚಿದಾಂವ ನಾನೇ. ಹದಿನೈದು ದಿನದ ಮಾತು ಅಂದಿದ್ದ ನಿನ್ನ ಗಂಡ.”

ಗುರುಲಿಂಗಮ್ಮ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯತೊಡಗಿದಳು. ಖಂಡಪ್ಪ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಕುಳಿತ. ಒಳಗೆ ಹುಡುಗಿಗೆ ಕೆಮ್ಮು ಹತ್ತಿತು. ಮೂರು ರೊಟ್ಟಿ ಬೇಯುವತನಕ ಬಿಡಲಿಲ್ಲ. ನಾಲ್ಕನೆಯದನ್ನು ಅರ್ಧಕ್ಕೇ ಬಿಟ್ಟು ಎದ್ದವಳು, ಹಿಟ್ಟಿನ ಕೈಯಲ್ಲೇ ಹಾರೆ ತಂದು ಅವನ ಮುಂದಿಟ್ಟಳು.

ಕಲ್ಲುಗಳು ಒಂದೊಂದಾಗಿ ಇಳಿದವು. ಖಂಡಪ್ಪ ಬೂಷ್ಟನ್ನೆಲ್ಲ ಕೆರೆದು ಹಾಕಿ, ಗೋಡೆ ಪೂರಾ ಒಣಗಿದ ಮೇಲೇ ಸುಣ್ಣ ಎಂದ. ಕಲ್ಲು ಎತ್ತಿಡಲೇ ಎಂದು ಕೇಳಿದ.

“ಎತ್ತಿಡೋದು ಬ್ಯಾಡ,” ಅಂದಳು. “ಬಚ್ಚಲಿಗೆ ಹಾಸ್ರಿ.”

ನೆಲದ ಮೇಲೆ ಬಿದ್ದ ಚೌಕ ಬಿಸಿಲಿನಲ್ಲಿ ಮಗಳನ್ನು ಕೂಡಿಸಿದಳು. ಪಕ್ಕದಲ್ಲಿ ರುಮಾಲು ಹರವಿದಳು. ಗಂಡನಿಗೆ ಕೊಟ್ಟ ಮಾತಿಗೆ ಗುರುಲಿಂಗಮ್ಮ ತಪ್ಪಿದಳು. ಎಂಟು ದಿನದಲ್ಲಿ ಗೋಡೆ ಒಣಗಿತು.