ಪರದೆಯಾಚೆಯ ಮೂರು ಸದ್ದು

ಮತಯಂತ್ರದ ಪರದೆಯೊಳಗೆ ಮರ್ವಿನ್‌ನ ಬೆರಳು ರೂಢಿಯಂತೆ ಡೆಮಾಕ್ರಟಿಕ್ ಪಕ್ಷದ ಪುಟ್ಟ ಹಿಡಿಯನ್ನು ಕೆಳಗೆಳೆಯಿತು. ಟಕ್. ಐವತ್ತೆರಡು ತುಂಬಿದ ಅವನು ಈವರೆಗೆ ರಿಪಬ್ಲಿಕನ್ನರ ಹಿಡಿಯನ್ನು ಮುಟ್ಟಿದವನೇ ಅಲ್ಲ.

"ಏನೋ, ಒಳಗೆ ಕೋಟು ಹೊಲೀತಿದೀಯಾ?" ಆಗಲೇ ಮತ ಹಾಕಿ ಹೊರಗೆ ನಿಂತಿದ್ದ ತಂದೆ ಫೈವೆಲ್ ಕೂಗಿದರು. ಬ್ರಾಂಕ್ಸ್‌ನ ಹಳೆಯ ಯಹೂದಿ ದರ್ಜಿ ಅವರು, ಕಾರ್ಮಿಕ ಸಂಘದ ಕಟ್ಟಾಳು, ಎಂದೂ ಡೆಮಾಕ್ರಟಿಕ್ ಪಕ್ಷಕ್ಕೇ ಮತ ಹಾಕಿದವರು. "ಕಾಲೇಜಿನ ಕ್ಯಾಂಟೀನಲ್ಲಿ ಕೂತು ಒಂದೇ ಮಧ್ಯಾಹ್ನಕ್ಕೆ ಇಡೀ ಕ್ರಾಂತಿ ಮುಗಿಸ್ತಿದ್ದೆಯಲ್ಲೋ!"

ಮರ್ವಿನ್ ತಾನು ಎಳೆದ ಹಿಡಿಯನ್ನೇ ನೋಡಿದ. ನಾವು ಬದಲಾಗಿಲ್ಲ, ಪಕ್ಷವೇ ನಮ್ಮನ್ನು ಬಿಟ್ಟು ಹೋಯಿತು, ಮಾಸ್ಕೋ ಎದುರು ನಿಲ್ಲುವ ಎದೆ ಅದಕ್ಕೀಗ ಇಲ್ಲ ಎಂದು 1972ರ ಈ ವರ್ಷವಿಡೀ ತನ್ನ ಪತ್ರಿಕೆಯಲ್ಲಿ ಬರೆದವನು ಅವನೇ. ಬರೆದದ್ದನ್ನು ಅವನು ಮನಸಾರೆ ನಂಬಿದ್ದ. ದೇವರೇ, ಈ ಕೈ ನನ್ನ ಮಾತು ಕೇಳಲಿ ಎಂದುಕೊಂಡು ಆ ಮತ ರದ್ದಾಗಲೆಂದು ಎಳೆದ ಹಿಡಿಯನ್ನು ಮತ್ತೆ ಮೇಲೆತ್ತಿದ. ಟಕ್. ಆಮೇಲೆ ರಿಪಬ್ಲಿಕನ್ನರದನ್ನು ಎಳೆದ. ಟಕ್.

ಪರದೆ ಸರಿದಾಗ ಫೈವೆಲ್ ಮಗನ ಮುಖ ನೋಡಲಿಲ್ಲ. ನಲವತ್ತು ವರ್ಷ ಹೊಲಿಗೆ ಯಂತ್ರಕ್ಕೆ ಕಿವಿಗೊಟ್ಟು, ದಾರ ಹರಿದದ್ದನ್ನು ಸದ್ದಿನಲ್ಲೇ ಹಿಡಿಯುತ್ತಿದ್ದವರು ಅವರು.

"ನಂದು ಒಂದೇ ಸಲ ಟಕ್ ಅಂತು," ಎಂದರು. "ನಿಂದು ಮೂರು ಸಲ."

"ಪಾಪಾ, ನಾನು ಹೇಳೋದು ಸ್ವಲ್ಪ ಕೇಳಿ..."

"ಬೇಡ ಮಗನೇ, ಹೇಳಬೇಡ. ಶುಕ್ರವಾರ ರಾತ್ರಿ ನೀನು ಸಬ್ಬತ್ ಊಟಕ್ಕೆ ಬರ್ತೀಯ. ಮನಸಲ್ಲಿ ಸಿಟ್ಟಿಲ್ಲದೆ ನಾನು ನಿನಗೆ ರೊಟ್ಟಿ ಮುರಿದು ಕೊಡಬೇಕು."